ಜಗನ್ನಾಥ ಮಾವನ ಜೀಪಿಗೆ ಎಂಜಿನ್

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಿ. ಮನೆಗಲ್ಲ. ಠಾಕುರ್ಲಿ ಸ್ಟೇಷನ್ನಿನಿಂದ ಹಳಿಯ ಪಕ್ಕದ ದಾರಿ ಹಿಡಿದರೆ ಆಲದ ಮರದ ಕೆಳಗೆ ಕಬ್ಬಿಣದ ಜಾಲರಿ ಮುಚ್ಚಿದ ಬಾವಿ ಉಂಟಲ್ಲ, ಅಲ್ಲಿಗೆ. ಒಬ್ಬರೇ. ಕೊನೆಯ ಲೋಕಲ್ ರೈಲು ಹೋದ ಮೇಲೆ. ಒಂದು ಬೀಡಿ ಸೇದುವಷ್ಟು ಹೊತ್ತು ಅಲ್ಲಿ ನಿಂತು ಬಂದರೆ ನಿಮ್ಮ ಕಾಲು ಹಿಡಿಯುತ್ತೇನೆ. ಊರಲ್ಲಿ ಅಮಾವಾಸ್ಯೆ ದಿನ ಸುಡುಗಾಡಿನ ಬದಿಯಿಂದ ಸಿಳ್ಳೆ ಹಾಕಿಕೊಂಡು ಸೈಕಲ್ ಹೊಡೆದವನು ನಾನು. ಆ ಬಾವಿಯ ಹತ್ತಿರ ಮಾತ್ರ ಹೋಗುವುದಿಲ್ಲ.

ಇದು ನಡೆದದ್ದು ನನ್ನ ದೊಡ್ಡಮ್ಮನ ಮಗ ವಿಶಾಲನಿಗೆ. ಹೆಬ್ರಿ ಕಡೆಯವನು. ನಮ್ಮ ಕಡೆಯ ಹುಡುಗರ ಹಾಗೆ ಬಾಯಿ ಸ್ವಲ್ಪ ದೊಡ್ಡದು. ಒಂಬತ್ತನೇ ಕ್ಲಾಸಿನಲ್ಲೇ ಗದ್ದೆಯ ಟಿಲ್ಲರ್ ಬಿಚ್ಚಿ ಜೋಡಿಸಿದ್ದೇನೆ, ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತೇನೆ, ಈ ಮುಂಬೈ ಕಡೆಯವರಿಗೆ ಏನು ಗೊತ್ತುಂಟು... ಇದು ಅವನ ದಿನದ ಮಾತು. ಕೆಲಸ ಭಿವಂಡಿಯ ಗೋದಾಮಿನಲ್ಲಿ, ಸೆಕೆಂಡ್ ಶಿಫ್ಟ್. ಇರುವುದು ಠಾಕುರ್ಲಿಯಲ್ಲಿ, ಸೋದರಮಾವ ಜಗನ್ನಾಥರ ಹೋಟೆಲಿನ ಹುಡುಗರ ರೂಮಿನಲ್ಲಿ.

ಮಾವನದ್ದು ಡೊಂಬಿವಲಿ ಈಸ್ಟಿನಲ್ಲಿ ವೆಜ್ ಹೋಟೆಲ್. ಬೆಳಿಗ್ಗೆ ಶಟರ್ ಎತ್ತುವ ಮುಂಚೆ ದುಡ್ಡಿನ ಗಲ್ಲೆಯ ಹತ್ತಿರ ನಿಂತು ಒಳಗಿನವರನ್ನು ಕೇಳುವುದು ಅವರ ಪದ್ಧತಿ: ಹಿಟ್ಟು ಎಷ್ಟುಂಟು, ಚಟ್ನಿ ಎಷ್ಟುಂಟು, ಹಾಲು ಎಷ್ಟುಂಟು. ಒಳಗಿನವನು ಕೂಗಿ ಹೇಳಬೇಕು. ಹೇಳಿದ ಮೇಲೆ ಮಾವ ಹೋಗಿ ಪಾತ್ರೆ ಇಣುಕಿ ನೋಡಿದವರಲ್ಲ. ಹೇಳಿದವನ ಮಾತಿನ ಮೇಲೆ ಶಟರ್ ಏಳುತ್ತಿತ್ತು. ಮೂವತ್ತು ವರ್ಷ ಹಾಗೇ ನಡೆಯಿತು.

ಅವರಿಗೆ ಇದ್ದ ಒಂದೇ ಹುಚ್ಚು ಆ ಹಳೇ ಫೋರ್ ವೀಲ್ ಜೀಪು. ತೊಂಬತ್ತರ ದಶಕದ್ದು, ಡೀಸೆಲ್. ಸೋಮವಾರ ಹೋಟೆಲಿಗೆ ರಜೆ. ಆ ದಿನ ವಿಶಾಲನನ್ನು ಕೂರಿಸಿಕೊಂಡು ಮುರ್ಬಾಡಿನ ಆಚೆ ಕಲ್ಲು, ಕೆಸರು, ಹೊಳೆ ಎಲ್ಲಾ ಹತ್ತಿಸಿ ಇಳಿಸಿ ಬರುತ್ತಿದ್ದರು. ಹೋಟೆಲಿನ ಪದ್ಧತಿಯೇ ಜೀಪಿಗೂ. ಕೀಲಿ ತಿರುಗಿಸುವ ಮುಂಚೆ ವಿಶಾಲ ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆಯಬೇಕು. ಎಂಜಿನ್ನಿನ ಹೊಟ್ಟೆಯಲ್ಲಿ ಎಣ್ಣೆ ಎಷ್ಟುಂಟು ಅಂತ ತೋರಿಸುವ, ತುದಿಯಲ್ಲಿ ಎರಡು ಗೀರು ಇರುವ ಉದ್ದ ಕಡ್ಡಿ. ಮಾವ ಸ್ಟೇರಿಂಗ್ ಹಿಡಿದು ಕೇಳುವರು, "ಎಷ್ಟುಂಟು?" ಇವನು ಹೇಳುವನು, "ಫುಲ್ ಉಂಟು ಮಾವ." ಆಮೇಲೆ ಕೀಲಿ.

ಮಾವನ ಮಗ ಅಭಯ್‌ಗೆ ಇದೆಲ್ಲ ಬೇಡ. ಠಾಣೆಯಲ್ಲಿ ಬ್ಯಾಂಕಿನ ಕೆಲಸ, ಮನೆಯಲ್ಲೂ ಹಿಂದಿಯೇ. ಹಾಗಾಗಿ ಮಾವ ಎಲ್ಲರ ಎದುರೇ ಹೇಳಿದ್ದರು, ನನ್ನ ನಂತರ ಈ ಜೀಪು ವಿಶಾಲನಿಗೆ.

ಹೋದ ವರ್ಷ ಶ್ರಾವಣದಲ್ಲಿ ಮಾಳಶೇಜ್ ಘಾಟಿ ಹತ್ತುವಾಗ ಎಂಜಿನ್ ಜಾಮ್ ಆಯಿತು. ಮಳೆ, ಕತ್ತಲೆ, ಮೊಬೈಲಿಗೆ ಸಿಗ್ನಲ್ ಇಲ್ಲ. ವಿಶಾಲ ಎದೆ ತಟ್ಟಿ ಹೇಳಿದ, ಅರ್ಧ ಗಂಟೆ ಕೊಡಿ ಮಾವ, ನಾನು ಸರಿ ಮಾಡುತ್ತೇನೆ. ಅರ್ಧ ಗಂಟೆ ಎರಡು ಗಂಟೆಯಾಯಿತು. ಕೊನೆಗೆ ಮಾವ ತಾವೇ ಚಪ್ಪಲಿ ಮೆಟ್ಟಿ ಕೆಳಗಿನ ಊರಿನ ದೀಪ ಹುಡುಕಿ ನಡೆದರು. ವಿಶಾಲ ಜೀಪಿನ ಹತ್ತಿರವೇ ಉಳಿದ. ಬೆಳಿಗ್ಗೆ ಹಾಲಿನವನು ನೋಡಿದಾಗ ದಾರಿ ಬದಿಯ ಬಾವಿಕಟ್ಟೆಯ ಮೇಲೆ ಎದೆ ಹಿಡಿದುಕೊಂಡು ಕೂತಿದ್ದರು. ಆಸ್ಪತ್ರೆಯಲ್ಲಿ ಮೂರು ದಿನ. ನಾಲ್ಕನೇ ದಿನ ಇಲ್ಲ.

ವರ್ಷಾಂತಿಕ ಹತ್ತಿರ ಬಂದಾಗ ಸರಳಾ ಅತ್ತೆ ಹೇಳಿದರು, ಆ ದಿನ ಜೀಪು ಮನೆ ಮುಂದೆ ಬಂದು ನಿಲ್ಲಬೇಕು, ಅವರ ಮಾತಿನಂತೆ ಅಲ್ಲಿಂದಲೇ ವಿಶಾಲ ತೆಗೆದುಕೊಂಡು ಹೋಗಲಿ. ಅಭಯ್ ಹೇಳಿದ, "ಛೋಡ್ ನಾ ಮಮ್ಮಿ, ಭಂಗಾರ್ ಹೈ." ಬಿಡು, ಅದು ಗುಜರಿ ಅಂತ. ವಿಶಾಲ ಹೇಳಿದ, ಒಂದು ತಿಂಗಳು ಸಾಕು.

ಜೀಪನ್ನು ಎಳೆದು ತಂದದ್ದು ಆ ಆಲದ ಮರದ ಪಕ್ಕದ ಶೆಡ್ಡಿಗೆ. ಮೆಕ್ಯಾನಿಕ್ ಪ್ರೇಮನಾಥ, ಮಂಗಳೂರಿನವರು, ಕೈಯಲ್ಲಿ ಮೂರು ಬೆರಳು ಮಾತ್ರ ನೆಟ್ಟಗೆ ಇರುವ ಮನುಷ್ಯ. ಅವರು ಮೂರು ದಾರಿ ಹೇಳಿದರು. ಹಳೇ ಎಂಜಿನ್ ಬಿಚ್ಚಿ, ಸವೆದ ಸಿಲಿಂಡರಿಗೆ ಬೋರ್ ಹೊಡೆಸಿ, ಹೊಸ ಬೇರಿಂಗ್ ಹಾಕುವುದು; ನಿಧಾನ, ಆದರೆ ಎಂಜಿನ್ ನಂಬರ್ ಅದೇ ಇರುತ್ತದೆ, ಕಾಗದದ ತಲೆಬಿಸಿ ಇಲ್ಲ. ಇಲ್ಲವೇ ಭಿವಂಡಿಯ ಗುಜರಿ ಯಾರ್ಡಿನಿಂದ ಇದೇ ಜಾತಿಯ ಇನ್ನೊಂದು ಎಂಜಿನ್. ಅದೇ ಬೋಲ್ಟು, ಅದೇ ತೂತು, ಎರಡು ದಿನದ ಕೆಲಸ. ಇಲ್ಲವೇ ಹೊಸ ಗಾಡಿಯ ಟರ್ಬೊ ಎಂಜಿನ್. ಎರಡು ಪಟ್ಟು ಶಕ್ತಿ, ಆದರೆ ಹಳೇ ಗೇರ್ ಬಾಕ್ಸ್ ತಡೆಯುವುದಿಲ್ಲ, ರೇಡಿಯೇಟರ್ ಸಾಲುವುದಿಲ್ಲ, ಆರ್‌ಟಿಓ ಮೆಟ್ಟಿಲು ಹತ್ತಿ ಚಪ್ಪಲಿ ಸವೆಯುತ್ತದೆ.

"ನನ್ನನ್ನು ಕೇಳಿದರೆ ಹಳೇದನ್ನೇ ಬಿಚ್ಚುವ," ಅಂದರು ಪ್ರೇಮನಾಥ. "ಯಾಕೆ ಜಾಮ್ ಆಯ್ತು ಅಂತಾದ್ರೂ ಗೊತ್ತಾಗ್ತದೆ."

ಯಾಕೆ ಜಾಮ್ ಆಯಿತು ಅಂತ ಗೊತ್ತಿದ್ದವನು ವಿಶಾಲನೊಬ್ಬನೇ. ಘಾಟಿಗೆ ಹೊರಟ ಆ ಬೆಳಿಗ್ಗೆ ಮಳೆ ಬರುತ್ತಿತ್ತು. ಅವನು ಬಾನೆಟ್ ಎತ್ತಲೇ ಇಲ್ಲ. ಸೀಟಿನಲ್ಲಿ ಕೂತೇ ಫುಲ್ ಉಂಟು ಮಾವ ಅಂದಿದ್ದ. ಎಂಜಿನ್ ಬಿಚ್ಚಿದರೆ ಎಣ್ಣೆ ಇಲ್ಲದೆ ಉರಿದ ಬೇರಿಂಗು ನೀಲಿ ಕಪ್ಪಾಗಿ ಎದುರಿಗೆ ಬರುತ್ತದೆ. ಪ್ರೇಮನಾಥ ಒಂದೇ ನೋಟಕ್ಕೆ ಓದಿಬಿಡುತ್ತಾರೆ. ಆಮೇಲೆ ಜೀಪೂ ಇಲ್ಲ, ಅತ್ತೆಗೆ ತೋರಿಸಲು ಮುಖವೂ ಇಲ್ಲ.

ಅದಕ್ಕೇ ಅವನು ದೊಡ್ಡ ಬಾಯಿ ಮಾಡಿದ. ಹಳೇದರಲ್ಲಿ ಏನೂ ಉಳಿದಿಲ್ಲ ಅಣ್ಣ, ಟರ್ಬೊನೇ ಆಗಬೇಕು, ಘಾಟಿ ಹತ್ತಿದರೆ ಜನ ತಿರುಗಿ ನೋಡಬೇಕು, ಹಳೇದು ಬಿಚ್ಚದೆ ಗುಜರಿಗೆ ಹೋಗಲಿ. ಉಳಿಸಿದ ದುಡ್ಡೆಲ್ಲ ಸುರಿದು ಭಿವಂಡಿಯಿಂದ ಟರ್ಬೊ ತಂದ.

ಹಳೇ ಎಂಜಿನ್ನನ್ನು ಚೈನಿನಲ್ಲಿ ಎತ್ತಿ ಬಾವಿಯ ಪಕ್ಕ ಎರಡು ಟಯರಿನ ಮೇಲೆ ಇಟ್ಟ ದಿನ... ಆ ರಾತ್ರಿಯೇ ಶುರುವಾದದ್ದು.

ಒಂದೂವರೆ ಗಂಟೆಯ ಹೊತ್ತು. ವಿಶಾಲ ಶಿಫ್ಟ್ ಮುಗಿಸಿ ನಡೆದು ಬರುತ್ತಿದ್ದ. ಗಾಳಿ ಇಲ್ಲ. ಆಲದ ಎಲೆ ಒಂದೂ ಅಲುಗುತ್ತಿಲ್ಲ. ಶೆಡ್ಡಿನ ಎದುರು ಜೀಪು, ಬಾನೆಟ್ ತೆರೆದು, ಹೊಟ್ಟೆ ಖಾಲಿ. ಬಾವಿಯ ಕಡೆಯಿಂದ ಒಂದು ಸದ್ದು.

ಸ್ಸ್ಸರ್ರ್... ಕಬ್ಬಿಣದ ಕೊಳವೆಯಿಂದ ಕಡ್ಡಿ ಎಳೆದ ಸದ್ದು. ಅವನಿಗೆ ಆ ಸದ್ದು ಗೊತ್ತಿಲ್ಲವೇ? ಆಮೇಲೆ ಬಟ್ಟೆಯಲ್ಲಿ ಒರೆಸಿದ ಸದ್ದು, ಒಂದೇ ಎಳೆತ. ಮತ್ತೆ ಒಳಗೆ... ಟಿಕ್.

ನಿಂತ.

"ಎಷ್ಟುಂಟು?"

ಪಿಸುಮಾತು. ಎಲ್ಲಿಂದ ಅಂತ ಗೊತ್ತಾಗುವ ಮುಂಚೆ ಅವನ ಬಾಯಿ ತಾನೇ ಹೇಳಿಬಿಟ್ಟಿತು, ಆರು ವರ್ಷದ ಅಭ್ಯಾಸ...

"ಫುಲ್ ಉಂಟು ಮಾವ."

ಜೀಪಿನ ಕಡೆ ಕೀಲಿ ತಿರುಗಿದ ಸದ್ದು. ಟಕ್. ಕರ್ರ್, ಕರ್ರ್... ಎಂಜಿನ್ ಹತ್ತಿತು. ಬಾನೆಟ್ಟಿನ ಒಳಗೆ ಏನೂ ಇಲ್ಲ, ಬೀದಿದೀಪದ ಬೆಳಕು ಅದರ ಮೂಲಕ ನೆಲಕ್ಕೆ ಬಿದ್ದಿತ್ತು. ಆದರೂ ಎಂಜಿನ್ ಓಡಿತು. ಸ್ವಲ್ಪ ಹೊತ್ತು ಸರಿಯಾಗಿ. ಆಮೇಲೆ ಕಟ... ಕಟ ಕಟ... ಕಟಕಟಕಟ. ಆಮೇಲೆ ಒಂದು ಕಿರ್ರ್ರ್, ಹಲ್ಲಿನ ಬೇರಿಗೆ ತಾಗುವಂಥದ್ದು. ಧಬ್. ಘಾಟಿಯಲ್ಲಿ ಕೇಳಿದ್ದೇ. ಒಂದು ಸದ್ದೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಕೊನೆಗೆ ಚಪ್ಪಲಿ. ಪಟ್... ಪಟ್... ಪಟ್... ಬಾವಿಯವರೆಗೆ. ಅಲ್ಲಿ ನಿಂತಿತು.

ಓಡಿ ಬಂದವನು ರೂಮಿನಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಹೋಟೆಲಿನ ಹುಡುಗರು ನಗುತ್ತಾರೆ, ಹೆಬ್ರಿಯ ಹುಲಿಗೆ ಜ್ವರ ಬಂತು ಅಂತ.

ಹತ್ತು ದಿನದಲ್ಲಿ ಟರ್ಬೊ ಕೂತಿತು. ಹಗಲು ಹನ್ನೊಂದು ಗಂಟೆಗೆ ಸರಳಾ ಅತ್ತೆ ತೆಂಗಿನಕಾಯಿ ಒಡೆಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಅಭಯ್ ಮೊಬೈಲ್ ಹಿಡಿದು ವಿಡಿಯೊ ತೆಗೆದ. ಹೊಸ ಡಬ್ಬದ ಸೀಲ್ ಒಡೆದು ಎಣ್ಣೆ ಹೊಯ್ದದ್ದು ಪ್ರೇಮನಾಥರೇ. ಈ ಸಲ ವಿಶಾಲ ಕಡ್ಡಿ ಎಳೆದು ನೋಡಿದ, ಎರಡು ಸಲ ನೋಡಿದ. ಮೇಲಿನ ಗೀರಿನವರೆಗೆ ಎಣ್ಣೆ ಇತ್ತು. ಕೀಲಿ ತಿರುಗಿಸಿದ. ಆಹಾ, ಏನು ಸದ್ದು ಅದು. ವಿಶಾಲ ಅಭಯ್ ಕಡೆ ನೋಡಿ ಹುಬ್ಬು ಹಾರಿಸಿದ.

ಮೂರು ನಿಮಿಷ. ಕಟ... ಕಟ ಕಟ. ಕಿರ್ರ್ರ್. ಧಬ್.

ಪ್ರೇಮನಾಥ ಕೆಳಗೆ ಮಲಗಿ ತಳದ ಬೋಲ್ಟ್ ಬಿಚ್ಚಿದರು. ಒಂದು ಹನಿ ಬೀಳಲಿಲ್ಲ. ನೆಲದ ಮೇಲೂ ಇಲ್ಲ. ಬೆರಳು ಒಳಗೆ ಹಾಕಿ ತೆಗೆದರು, ಬೆರಳು ಒಣಗಿತ್ತು. ಬಹಳ ಹೊತ್ತು ಆ ಬೆರಳನ್ನೇ ನೋಡಿದರು.

"ನಾನೇ ಹೊಯ್ದದ್ದು," ಅಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಸರಳಕ್ಕ, ಸೋಮವಾರ ಹಳೇದನ್ನೇ ಬಿಚ್ಚುತ್ತೇನೆ."

ಭಾನುವಾರ ರಾತ್ರಿ ವಿಶಾಲ ಎಣ್ಣೆಯ ಡಬ್ಬ ಹಿಡಿದುಕೊಂಡು ಬಾವಿಯ ಹತ್ತಿರ ಹೋದ. ಭಯ ಇರಲಿಲ್ಲವೇ ಅಂತ ಕೇಳಬೇಡಿ. ಇತ್ತು. ಆದರೆ ಸೋಮವಾರದ ಭಯ ಅದಕ್ಕಿಂತ ದೊಡ್ಡದಿತ್ತು. ಲೆಕ್ಕಾಚಾರ ಏನೆಂದರೆ, ಹಳೇ ಎಂಜಿನ್ನಿನ ಹೊಟ್ಟೆಗೆ ಈಗಲೇ ಎಣ್ಣೆ ಹೊಯ್ದುಬಿಡುವುದು. ಬೆಳಿಗ್ಗೆ ಬಿಚ್ಚಿದರೆ ಎಣ್ಣೆ ಕಾಣಲಿ. ಎಣ್ಣೆ ಇತ್ತು, ಬೇರಿಂಗೇ ಹಳತಾಗಿತ್ತು ಅನ್ನಬಹುದು.

ಮುಚ್ಚಳ ತಿರುಗಿಸಿ ಹೊಯ್ದ. ಗುಳುಗುಳು ಅಂತ ಇಳಿಯಿತು. ಕಡ್ಡಿ ಎಳೆದ. ಸ್ಸ್ಸರ್ರ್. ಒಣ. ಮತ್ತೆ ಹೊಯ್ದ. ಎಳೆದ. ಒಣ. ಐದು ಲೀಟರಿನ ಡಬ್ಬ ಖಾಲಿಯಾಯಿತು. ಕಡ್ಡಿಯ ಮೇಲೆ ಹೋದ ವರ್ಷದ ಧೂಳು ಹಾಗೇ ಇತ್ತು.

ಬೆನ್ನ ಹಿಂದೆ, ಬಾವಿಯ ಜಾಲರಿ ಕಿಣ್ ಅಂದಿತು. ಯಾರೋ ಅದರ ಅಂಚಿಗೆ ಕೂತ ಹಾಗೆ.

"ಎಷ್ಟುಂಟು?"

ಬಾಯಿ ತೆರೆಯಿತು. ಫ... ಅಂತ ಬಂತು. ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ಒಣ ಕಡ್ಡಿಯನ್ನು ನೋಡಿದ.

"ನೋಡಲಿಲ್ಲ ಮಾವ..." ಅಂದ. "ಆ ದಿನ ನೋಡಲೇ ಇಲ್ಲ. ಮಳೆ ಇತ್ತು. ಕೂತಲ್ಲಿಂದಲೇ ಹೇಳಿದೆ."

ಜಾಲರಿ ಮತ್ತೊಮ್ಮೆ ಕಿಣ್ ಅಂದಿತು. ಚಪ್ಪಲಿ ಸದ್ದು ಹಳಿಯ ಕಡೆ ಹೋಯಿತು, ನಿಧಾನವಾಗಿ, ಕಾಲು ನೋಯುವವರ ಹಾಗೆ.

ಟಾರ್ಚ್ ಬೆಳಕು ಮುಖಕ್ಕೆ ಬಿತ್ತು. ಶೆಡ್ಡಿನಲ್ಲೇ ಮಲಗುವ ಪ್ರೇಮನಾಥ ಬಾಗಿಲಲ್ಲಿ ನಿಂತಿದ್ದರು. ಎಷ್ಟುಂಟು ಅಂದ ದನಿ ಅವರಿಗೆ ಕೇಳಿಸಿರಲಿಲ್ಲ. ವಿಶಾಲ ಹೇಳಿದ್ದು ಕೇಳಿಸಿತ್ತು.

"ಸರಳಕ್ಕನಿಗೆ ನೀನು ಹೇಳ್ತೀಯಾ, ನಾನು ಹೇಳಲಾ?"

ಬೆಳಿಗ್ಗೆ ಅವನೇ ಹೋಗಿ ಹೇಳಿದ. ಹೋಟೆಲಿಗೆ ರಜೆ, ಶಟರ್ ಅರ್ಧ ಇಳಿದಿತ್ತು, ಅತ್ತೆ ಗಲ್ಲೆಯ ಹಿಂದೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವನು ಪೂರ್ತಿ ಹೇಳುವವರೆಗೂ ಸುಲಿಯುವುದು ನಿಲ್ಲಿಸಲಿಲ್ಲ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಅವನು ಆಮೇಲೆ ನನ್ನ ಹತ್ತಿರ ಹೇಳಿದ್ದುಂಟು.

"ಆಸ್ಪತ್ರೆಯಲ್ಲಿ ಮೂರು ದಿನವೂ ಅವರು ಒಂದೇ ಮಾತು ಹೇಳಿದ್ದು," ಅಂದರು. "ಎಣ್ಣೆ ಸರಿ ಇತ್ತು ಸರಳಾ, ವಿಶಾಲ ನೋಡಿ ಹೇಳಿದ್ದ. ನಾನೇ ಗಾಡಿ ಜಾಸ್ತಿ ಎಳೆದೆ, ನನ್ನದೇ ತಪ್ಪು. ಹುಡುಗನಿಗೆ ಯಾರೂ ಏನೂ ಅನ್ನಬೇಡಿ."

ಅಷ್ಟೇ. ಬೆಳ್ಳುಳ್ಳಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಹಳೇ ಎಂಜಿನ್ ಬಿಚ್ಚಿದರು. ಬೇರಿಂಗು ನೀಲಿ ಕಪ್ಪು. ಹೊಟ್ಟೆಯಲ್ಲಿ ಐದು ಲೀಟರ್ ಹೊಸ ಎಣ್ಣೆ ಇರಬೇಕಿತ್ತಲ್ಲ... ಇರಲಿಲ್ಲ. ಬೋರ್ ಹೊಡೆಸಿ, ಹೊಸ ಬೇರಿಂಗ್ ಹಾಕಿ ಅದನ್ನೇ ಕೂರಿಸಿದರು. ಒಂದೇ ಸಲಕ್ಕೆ ಹತ್ತಿತು, ಇವತ್ತಿನವರೆಗೂ ಒಂದು ಕೆಮ್ಮಿಲ್ಲ. ವರ್ಷಾಂತಿಕದ ದಿನ ಮನೆ ಮುಂದೆ ತಂದು ನಿಲ್ಲಿಸಿದ್ದು ಪ್ರೇಮನಾಥ. ಅತ್ತೆ ಕೀಲಿಯನ್ನು ಅಭಯ್ ಕೈಗೆ ಕೊಟ್ಟರು. ಅವನಿಗೆ ಫೋರ್ ವೀಲ್ ಗೇರ್ ಹಾಕಲು ಇವತ್ತಿಗೂ ಬರುವುದಿಲ್ಲ, ಸೊಸೈಟಿಯ ಪಾರ್ಕಿಂಗಿನಲ್ಲಿ ಕವರ್ ಹೊದಿಸಿ ಇಟ್ಟಿದ್ದಾನೆ.

ವಿಶಾಲ ಈಗ ಕಾಮೋಠೆಯಲ್ಲಿ ಬಾಡಿಗೆಗಿದ್ದಾನೆ. ಮಾತು ಕಡಿಮೆ ಮಾಡಿದ್ದಾನೆ. ಜೀಪಿನ ವಿಷಯ ಯಾರಾದರೂ ತೆಗೆದರೆ ಎದ್ದು ಹೋಗುತ್ತಾನೆ.

ಸುಳ್ಳು ಅನ್ನುವವರು ಅವನ ರೂಮಿಗೆ ಹೋಗಿ ನೋಡಿ. ನಾನು ಹೋಗಿ ಮಲಗಿ ನೋಡಿ ಬಂದಿದ್ದೇನೆ. ರಾತ್ರಿ ಕಡ್ಡಿಯನ್ನು ನಾನೇ ನನ್ನ ಲುಂಗಿಯಲ್ಲಿ ಒರೆಸಿದೆ, ನಾನೇ ಮೊಳೆಗೆ ತೂಗು ಹಾಕಿದೆ, ಬಾಗಿಲಿಗೆ ಚಿಲಕ ಹಾಕಿ ಅದರ ಕೆಳಗೇ ಮಲಗಿದೆ. ಬೆಳಿಗ್ಗೆ ಮುಟ್ಟಿದರೆ ಮೇಲಿನ ಗೀರಿನವರೆಗೆ ಎಣ್ಣೆ. ಬಿಸಿ.

ರಿಪೇರಿಯಾದ ಎಂಜಿನ್ನಿಗೆ ಪ್ರೇಮನಾಥ ಹೊಸ ಕಡ್ಡಿ ಹಾಕಿದ್ದರು. ವರ್ಷಾಂತಿಕದ ಊಟ ಮುಗಿಸಿ ಹೊರಡುವಾಗ ಅತ್ತೆ ವಿಶಾಲನನ್ನು ಕರೆದು, ಪೇಪರಿನಲ್ಲಿ ಸುತ್ತಿ ಕೊಟ್ಟದ್ದು ಹಳೇ ಕಡ್ಡಿ.