ಹಲ್ಲಿನ ಮುಂದಿನ ಉಬ್ಬು

"ಈ ಉಬ್ಬುಗಳಿಗೆಲ್ಲ ಅರ ಹಾಕಿ ಸವೆಸಿದ ಪುಣ್ಯಾತ್ಮ ಯಾರಪ್ಪಾ?"

ಮರ ಕೊಯ್ಯುವ ಯಂತ್ರದ ಚೈನನ್ನು ಬೆಳಕಿಗೆ ಹಿಡಿದು, ಸಾಣೆಯವನು ಯಾರಿಗೂ ಅಲ್ಲದಂತೆ ಕೇಳಿದ. ಕತ್ತರಿ ಹರಿತ ಮಾಡಿಸಲು ಬೆಂಚಿನ ಮೇಲೆ ಕಾದಿದ್ದ ಅಜ್ಜಿಯೊಬ್ಬಳು ಗುನುಗುತ್ತಿದ್ದ ಪದ್ಯ ಅರ್ಧಕ್ಕೇ ನಿಂತಿತು.

"ನಾನೇ ಕಣೋ," ಎಂದ ಬಾಗಿಲಿಗೆ ಒರಗಿದ್ದ ಅವನ ಭಾವ. "ಹಲ್ಲು ಇನ್ನೂ ಆಳಕ್ಕಿಳೀಲಿ ಅಂತ."

"ಹಲ್ಲು ಅಳತೆ ಮೀರಿ ಕಚ್ಚದ ಹಾಗೆ ತಡೆಯೋದೇ ಆ ಉಬ್ಬು, ಭಾವ. ಅದಿಲ್ಲದೆ ಮರಕ್ಕೆ ಸಿಕ್ಕಿಕೊಂಡ್ರೆ ಯಂತ್ರ ಎಗರಿ ಮುಖಕ್ಕೇ ಬರುತ್ತೆ."

"ನಿನ್ನೆ ಬಂತು. ಹೆಲ್ಮೆಟ್ಟು ಕಾಪಾಡಿತು."

ಅಜ್ಜಿ ಕಣ್ಣು ಮುಚ್ಚಿ ಕೈಮುಗಿದಳು.

"ಅಕ್ಕನಿಗೆ ಹೇಳಿದ್ರಾ?"

"ಅವಳಿಗ್ಯಾಕೆ? ಊರು ಒಂದು ಮಾಡ್ತಾಳೆ. ಗೋಡೆ ಮೇಲೆ ವಾಲಿರೋ ಮರ ಇವತ್ತೇ ಇಳಿಸ್ಬೇಕು. ಹಲ್ಲು ಹರಿತ ಮಾಡಿಕೊಡು, ಸಾಕು."

"ಉಬ್ಬಿಲ್ಲದ ಹಲ್ಲು ಹರಿತವಾದಷ್ಟೂ ಕೇಡೇ. ನಾಳೆ ಹೊಸ ಚೈನ್ ಬರುತ್ತೆ, ತಡೀರಿ."

"ಹೆಣ್ಣು ಕೊಟ್ಟ ಮನೆಯವರು ಬುದ್ಧಿ ಹೇಳೋ ಕಾಲ ಬಂತಾ? ಇರೋ ಹಾಗೇ ಕೊಡೋ ಇಲ್ಲಿ!"

ಸಾಣೆಯವನು ಚೈನನ್ನು ಮರದ ಪೆಟ್ಟಿಗೆಗೆ ಹಾಕಿ, ಮುಚ್ಚಿ, ಅದರ ಮೇಲೇ ಕೂತ.

"ಬೇಕಾದ್ರೆ ಹೋಗಿ ಅಕ್ಕನ ಹತ್ರಾನೇ ದೂರು ಹೇಳಿ, ಭಾವ. ನಾನಂತೂ ಕೊಡಲ್ಲ."