ನಿಷ್ಪಕ್ಷಪಾತ ಪ್ರೇಕ್ಷಕ

ನಮ್ಮ ಜಾದೂಗಾರರ ಸಂಘದ ಸನ್ಮಾನ್ಯ ಅಧ್ಯಕ್ಷರೇ, ಬಿನ್ನವತ್ತಳೆಯನ್ನು ಇಷ್ಟು ಸೊಗಸಾಗಿ ಓದಿದ ಕಾರ್ಯದರ್ಶಿಗಳೇ, ದೂರದಿಂದ ಬಂದಿರುವ ಅತಿಥಿಗಳೇ, ಅಂಗಿಯ ತೋಳಿನಲ್ಲಿ ಏನಾದರೊಂದನ್ನು ಬಚ್ಚಿಟ್ಟುಕೊಂಡೇ ಬಂದಿರುವ ಸಭಿಕರೇ,

ನನಗೆ ವೇದಿಕೆ ಹೊಸದಲ್ಲ, ಮೈಕು ಹೊಸದು. ಇಷ್ಟು ವರ್ಷ ವೇದಿಕೆಯ ಮೇಲೆ ನಾನು ಮಾಡಿದ ಕೆಲಸವೆಂದರೆ ನಗುತ್ತಾ ಬರುವುದು, ಪೆಟ್ಟಿಗೆಯೊಳಗೆ ಮಲಗುವುದು, ಮಾಯವಾಗುವುದು. ಮಾತೆಲ್ಲ ನಮ್ಮ ಮನೆಯವರದು. ಅವರು ಮುಂದಿನ ಸಾಲಿನಲ್ಲೇ ಕುಳಿತು ಕಾಲು ಅಲ್ಲಾಡಿಸುತ್ತಿದ್ದಾರೆ. ನಾನೇನು ಹೇಳಿಬಿಡುತ್ತೇನೋ ಎಂಬ ಆತಂಕ ಅವರಿಗೆ. ನನಗೂ ಅದೇ ಆತಂಕ.

ಈಗ ಓದಿದ ಬಿನ್ನವತ್ತಳೆಯಲ್ಲಿ ನನ್ನನ್ನು 'ಮಾಯಾಪೆಟ್ಟಿಗೆಯನ್ನು ರೂಪಿಸಿದ ಮಹಿಳೆ' ಎಂದು ಕರೆದಿದ್ದೀರಿ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ಕುರ್ಚಿಯಲ್ಲಿ ಮಿಸುಕಾಡಿದೆ. ಸುಳ್ಳೆಂದು ಮಿಸುಕಾಡಿದೆನೇ? ಅಲ್ಲ, ಅದು ನಿಜ. ನಿಜವಾದರೆ ಮಿಸುಕಾಟ ಏಕೆ? ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಧ್ಯಕ್ಷರು ದಯವಿಟ್ಟು ಗಡಿಯಾರ ನೋಡಬಾರದು.

ಅಂತರ್ಜಾಲದಲ್ಲಿ ಎಲ್ಲರೂ ಸೇರಿ ಬರೆಯುವ ವಿಶ್ವಕೋಶವನ್ನು ನೀವೆಲ್ಲ ನೋಡಿದ್ದೀರಿ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಪ್ರದರ್ಶನಗಳು ನಿಂತ ಮೇಲೆ ನಮ್ಮವರಿಗೆ ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಚಮಚಗಳನ್ನು ಮಾಯ ಮಾಡುತ್ತಿದ್ದರು, ಎಲ್ಲಿಟ್ಟೆನೆಂದು ಅವರೇ ಮರೆಯುತ್ತಿದ್ದರು. ಹಾಗಿದ್ದವರು ಒಂದು ದಿನ ಊಟದ ಮೇಜಿನ ಮೇಲೆ ಕಂಪ್ಯೂಟರ್ ಹರಡಿಕೊಂಡು ಕುಳಿತರು. ಅಲ್ಲಿಂದ ಮುಂದೆ ನಾವು ಊಟ ಮಾಡಿದ್ದು ಅಡುಗೆಮನೆಯಲ್ಲಿ, ತಟ್ಟೆ ಕೈಯಲ್ಲಿ ಹಿಡಿದುಕೊಂಡು. ಅವರು ಆ ವಿಶ್ವಕೋಶದಲ್ಲಿ ತಮ್ಮ ಬಗ್ಗೆ ತಾವೇ ಒಂದು ಪುಟ ಬರೆಯುತ್ತಿದ್ದರು. ಸ್ವಂತ ಹೆಸರಿನಲ್ಲಲ್ಲ. 'ನಿಷ್ಪಕ್ಷಪಾತ ಪ್ರೇಕ್ಷಕ' ಎಂಬ ಹೆಸರಿನಲ್ಲಿ.

ನೀವು ನಗುತ್ತಿದ್ದೀರಿ. ನಾನೂ ನಕ್ಕೆ. ಪುಟ ಓದುವವರೆಗೆ ನಕ್ಕೆ.

'ವಿಶ್ವವಿಖ್ಯಾತ' ಇತ್ತು, 'ಸಾಟಿಯಿಲ್ಲದ' ಇತ್ತು, ಅವುಗಳಿಂದ ನನಗೇನೂ ಬೇಜಾರಿಲ್ಲ. ವೇದಿಕೆಯ ಮೇಲೆ ದಿನಾ ಕೇಳಿದವೇ. ಮಾಯಾಪೆಟ್ಟಿಗೆಯನ್ನು 'ಏಕಾಂಗಿಯಾಗಿ ರೂಪಿಸಿದರು' ಎಂದೂ ಇತ್ತು. ಅದನ್ನು ಎರಡು ಸಲ ಓದಿದೆ.

ನನ್ನ ಅಪ್ಪ ಬೀರು, ಮಂಚ ಮಾಡುತ್ತಿದ್ದ ಬಡಗಿ. ನಾನು ಬೆಳೆದದ್ದು ಮರದ ಹೊಟ್ಟಿನಲ್ಲಿ. ದಪ್ಪ ಹಲಗೆಯ ಅಂಚನ್ನು ಓರೆಯಾಗಿ ಕೆತ್ತಿದರೆ ಅದು ತೆಳ್ಳಗೆ ಕಾಣುತ್ತದೆಂದು ಆಡುತ್ತಲೇ ಕಲಿತವಳು. ಮದುವೆಯಾದ ಹೊಸದರಲ್ಲಿ ಇವರ ಹಳೆಯ ಪೆಟ್ಟಿಗೆಯಲ್ಲಿ ಒಬ್ಬಳು ಮಾಯವಾಗುವುದನ್ನು ನೋಡಿದೆ. ಮಾಯವಾದವಳ ಮೊಣಕೈ ಹೊರಗೇ ಇತ್ತು. ಅಪ್ಪನ ಅಂಗಡಿಗೆ ಹೋಗಿ ಹೊಸದನ್ನು ನಾನು ಮಾಡಿದೆ. ಅದರೊಳಗಿನ ಮಿಕ್ಕ ಗುಟ್ಟನ್ನು ಹೇಳುವುದಿಲ್ಲ. ಇಲ್ಲಿರುವವರೆಲ್ಲ ಇದೇ ಕಸುಬಿನವರಾದರೂ ಹೇಳುವುದಿಲ್ಲ. ಆ ಪೆಟ್ಟಿಗೆಯೇ ನಮ್ಮ ಬಾಡಿಗೆ ಕಟ್ಟಿತು, ಮಗಳನ್ನು ಓದಿಸಿತು. ಮಗಳೂ ಅದರಲ್ಲಿ ಪ್ರದರ್ಶನ ಕೊಟ್ಟಿದ್ದಾಳೆ, ಹುಟ್ಟುವ ಮೊದಲೇ. ಆಗ ನನಗೆ ಉಸಿರು ಹಿಡಿಯಲು ಎಷ್ಟು ಕಷ್ಟವಾಗುತ್ತಿತ್ತೆಂದರೆ... ಇರಲಿ. ಅದು ಈ ಸಭೆಗೆ ಬೇಡ.

ಆ ವಿಶ್ವಕೋಶದಲ್ಲಿ ಒಬ್ಬರು ಕಾವಲುಗಾರರಿದ್ದಾರೆ. ಸಂಬಳವಿಲ್ಲ, ಅವರಾಗಿಯೇ ಮಾಡುವ ಕೆಲಸ. ಅಲ್ಲಿ ಅವರ ಹೆಸರು 'ಮುಂಗುಸಿ'. ಗಂಡಸೋ ಹೆಂಗಸೋ ಗೊತ್ತಿಲ್ಲ. ಪ್ರತಿ ಪುಟದ ಹಿಂದೆ ಚರ್ಚೆಗೆಂದೇ ಇನ್ನೊಂದು ಪುಟವಿರುತ್ತದೆ. ಮುಂಗುಸಿ ಅಲ್ಲಿ ಬಹಳ ಮರ್ಯಾದೆಯಿಂದ ಕೇಳಿದರು: ಈ ವ್ಯಕ್ತಿಗೂ ನಿಮಗೂ ಏನು ಸಂಬಂಧ? ಇದನ್ನೆಲ್ಲ ಬೇರೆ ಯಾರಾದರೂ ಎಲ್ಲಾದರೂ ಬರೆದಿದ್ದಾರೆಯೇ?

ನಮ್ಮವರು ಬರೆದರು, ಸಂಬಂಧವೇನೂ ಇಲ್ಲ, ನಾನೊಬ್ಬ ಅಭಿಮಾನಿ ಎಂದು. ಮುಂಗುಸಿ ಬಿಡಲಿಲ್ಲ. ಒಂದೊಂದಾಗಿ ವಿಶೇಷಣ ತೆಗೆದರು. ಇವರು ಮತ್ತೆ ಹಾಕಿದರು. ಅವರು ತೆಗೆದರು. ನಮ್ಮವರು ಮನೆಯಲ್ಲಿ ಯಾರೋ ತೀರಿಕೊಂಡಂಥ ಮುಖ ಮಾಡಿಕೊಂಡು ಓಡಾಡುತ್ತಿದ್ದರು. ಕಡೆಗೆ ಒಂದು ಬೆಳಿಗ್ಗೆ ನನ್ನ ಫೋನು ತೆಗೆದುಕೊಂಡು ಅದರಲ್ಲೂ ಒಂದು ಖಾತೆ ತೆರೆದುಕೊಟ್ಟರು.

"ನೀನೂ ಒಬ್ಬ ಪ್ರೇಕ್ಷಕಿ ಅಂತ ಬರೆದುಬಿಡು. ಇಬ್ಬರು ಹೇಳಿದ್ರೆ ನಂಬ್ತಾರೆ" ಅಂದರು.

ನಾನು ಬರೆದೆ. ಏನು ಬರೆದೆ? 'ನಾನು ಇವರ ಹೆಂಡತಿ. ನಿಷ್ಪಕ್ಷಪಾತ ಪ್ರೇಕ್ಷಕ ಎಂದರೆ ಇವರೇ. ಪೆಟ್ಟಿಗೆ ಮಾಡಿದವಳು ನಾನು.' ಬರೆದು, ಒಲೆಯ ಮೇಲಿಟ್ಟಿದ್ದ ಹಾಲು ನೋಡಲು ಹೋದೆ.

ನಾನು ಏನು ನಿರೀಕ್ಷಿಸಿದ್ದೆ ಗೊತ್ತೇ? ಮುಂಗುಸಿ ನನ್ನ ಪರ ನಿಲ್ಲುತ್ತಾರೆ ಎಂದು. ಹಾಗಾಗಲಿಲ್ಲ. ಅವರು ಸಂಬಂಧ ತಿಳಿಸಿದ್ದಕ್ಕೆ ವಂದನೆ ಹೇಳಿದರು. ಆಮೇಲೆ ಬರೆದರು: 'ಆದರೆ ನಿಮ್ಮ ಮಾತನ್ನೂ ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ನೀವೂ ಸಂಬಂಧಪಟ್ಟವರೇ.' ಕೆಲವು ದಿನಗಳ ಚರ್ಚೆಯ ನಂತರ, ಅಚ್ಚಾದ ಆಧಾರವಿಲ್ಲವೆಂದು ಪುಟವನ್ನೇ ಅಳಿಸಿದರು. ನಮ್ಮವರ ವಿಖ್ಯಾತಿಯೂ ಹೋಯಿತು, ನನ್ನ ಪೆಟ್ಟಿಗೆಯೂ ಹೋಯಿತು.

ನನಗೆ ಎಷ್ಟು ಸಿಟ್ಟು ಬಂತೆಂದು ಪಾತ್ರೆಗಳನ್ನು ಕೇಳಿ. ಮಂಡಿ ಮಡಚಿಕೊಂಡು ಕತ್ತಲಲ್ಲಿ ಮಲಗಿದವಳು ನಾನು, ಆದರೂ ನನ್ನ ಮಾತು ಸಾಕ್ಷಿಯಲ್ಲ! ಆಮೇಲೆ, ನಿಧಾನವಾಗಿ, ಮುಂಗುಸಿ ಹೇಳಿದ್ದು ಸರಿ ಅನ್ನಿಸತೊಡಗಿತು. ನನ್ನನ್ನು ಅವರು ಎಲ್ಲಿ ನೋಡಿದ್ದಾರೆ? ನಾನು ನಿಜ ಹೇಳಿದೆ, ನಿಜ. ಆದರೆ ಸಿಟ್ಟಿನಲ್ಲಿ ಹೇಳಿದೆ. ಪ್ರೀತಿಯಿಂದ ಹೊಗಳುವವರನ್ನು ನಂಬಬಾರದು ಎನ್ನುವುದಾದರೆ, ಸಿಟ್ಟಿನಿಂದ ತಿದ್ದುವವರನ್ನು ನಂಬಬೇಕೇ?

ನಮ್ಮವರು ನನ್ನೊಡನೆ ಮಾತು ಬಿಟ್ಟರು. ಒಂದು ಮಧ್ಯಾಹ್ನ, ನಾನು ಬಟ್ಟೆ ಮಡಚುತ್ತಿದ್ದಾಗ, ಬಾಗಿಲಲ್ಲಿ ಬಂದು ನಿಂತರು.

"ಜಾದೂಗಾರ ಅಂದ್ರೆ ಒಬ್ಬನೇ ಕಣೇ. ಇಬ್ಬರು ಅಂದ್ರೆ ಜನ ನೋಡಲ್ಲ."

"ಹಾಗಾದ್ರೆ ಒಳಗಿದ್ದೋಳು ಯಾರು?" ಅಂತ ಕೇಳಿದೆ.

"ಅದನ್ನ ಹೇಳಬಾರದು ಅನ್ನೋದೇ ತಾನೇ ವಿದ್ಯೆ" ಅಂದರು.

ಅವರು ಕುಹಕವಾಡಲಿಲ್ಲ, ಸಭಿಕರೇ. ನಿಜವಾಗಿ ನಂಬಿಕೊಂಡು ಹೇಳಿದರು. ನನ್ನನ್ನು ಬಚ್ಚಿಟ್ಟೂ ಬಚ್ಚಿಟ್ಟೂ, ವೇದಿಕೆಯಿಂದ ಇಳಿದ ಮೇಲೆ ತೆರೆಯಬೇಕೆಂಬುದೇ ಅವರಿಗೆ ಮರೆತುಹೋಗಿತ್ತು. ನಾನು ಅವರದೇ ಅಂಗಿ ತೆಗೆದು ಮಡಚಿದೆ.

ಇದಾಗಿ ಕೆಲವು ತಿಂಗಳಿಗೆ ನಮ್ಮ ಕಾರ್ಯದರ್ಶಿಗಳು ಮನೆಗೆ ಬಂದರು. ಕಾರ್ಯದರ್ಶಿಗಳು ಎಂದರೆ ನನ್ನ ಮೈದುನ, ಇವರ ಸ್ವಂತ ತಮ್ಮ. ಸಂಘದ ಮಾಸಪತ್ರಿಕೆಯ ಸಂಪಾದಕನೂ ಅವನೇ. "ಅತ್ತಿಗೆ, ಈ ಸಲದ ಸನ್ಮಾನ ನಿಮಗೆ" ಅಂದ. ನನಗೆ ಕಣ್ಣಲ್ಲಿ ನೀರು ಬಂತು. ಹೊಸ ಸೀರೆ ತೆಗೆದುಕೊಂಡೆ. ಬಿನ್ನವತ್ತಳೆಯನ್ನು ನಾನು ಮೊದಲು ಕೇಳಿದ್ದು ಈಗ, ನಿಮ್ಮ ಜೊತೆಯಲ್ಲೇ. 'ವಿಶ್ವವಿಖ್ಯಾತ' ಬಂತು. ಅದರ ಹಿಂದೆಯೇ 'ಸಾಟಿಯಿಲ್ಲದ' ಬಂತು. ಇಷ್ಟು ವರ್ಷ ಜೊತೆಗಿದ್ದವಳಿಗೆ ಅದು ಯಾರ ಬರವಣಿಗೆ ಎಂದು ಗೊತ್ತಾಗದೇ ಇರುತ್ತದೆಯೇ?

ಇದು ಮುಂದಿನ ತಿಂಗಳು ಅವನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಅಚ್ಚಾದದ್ದು ಆಧಾರವಾಗುತ್ತದೆ. ಆಧಾರ ಸಿಕ್ಕರೆ ವಿಶ್ವಕೋಶಕ್ಕೆ ಹೋಗುತ್ತದೆ. ಅಣ್ಣ ಬರೆದದ್ದು, ತಮ್ಮ ಓದಿದ್ದು, ಅತ್ತಿಗೆಯ ಬಗ್ಗೆ. ಮುಂಗುಸಿಯ ಮುಂದೆ ಇದನ್ನು ಇಡಲು ನನಗೆ ನಾಚಿಕೆ. ಮೈದುನನಿಗೆ ಕೈಮುಗಿದು ಕೇಳುತ್ತೇನೆ: ಅಚ್ಚು ಮಾಡಬೇಡಪ್ಪ.

ಆದರೆ ನನ್ನ ತಳಮಳ ಬೇರೆಯೇ. ಇವರು ಒಪ್ಪಿಕೊಂಡರಲ್ಲ ಎಂದು ಸಂತೋಷಪಡಲೋ, ಆಗಲೂ ಮರೆಯಲ್ಲೇ ನಿಂತು ಒಪ್ಪಿಕೊಂಡರಲ್ಲ ಎಂದು ಬೇಸರಪಡಲೋ? ಅದೂ 'ಪತಿಯ ಸಮರ್ಥ ಮಾರ್ಗದರ್ಶನದಲ್ಲಿ ರೂಪಿಸಿದರು' ಎಂದಿದೆ, ನೀವು ಗಮನಿಸಿದಿರೋ ಇಲ್ಲವೋ. ವಿಶ್ವಕೋಶ ನನಗೆ ಬೇಕಾಗಿಲ್ಲ. ಈ ಮಾತನ್ನು ಇವರು ಸ್ವಂತ ಬಾಯಿಂದ, ಸ್ವಂತ ಹೆಸರಿನಲ್ಲಿ, ನನ್ನ ಮುಖ ನೋಡಿಕೊಂಡು ಒಂದು ಸಲ ಹೇಳಿದರೆ ನನಗೆ ಸಾಕು. ಮಾರ್ಗದರ್ಶನ ಬಿಟ್ಟು.

ಅಯ್ಯೋ, ಎದ್ದೇಬಿಟ್ಟರು. ಹೊರಗೆ ಹೊರಟಿರೋ, ಇಲ್ಲಿಗೆ ಬರುತ್ತಿದ್ದೀರೋ? ...ಇಲ್ಲಿಗೇ ಬರುತ್ತಿದ್ದಾರೆ. ನಿಧಾನರೀ, ಅಲ್ಲಿ ವೈರು ಎಳೆದಿದ್ದಾರೆ.

ಇವರು ಏನು ಹೇಳುತ್ತಾರೋ ನನಗೂ ಗೊತ್ತಿಲ್ಲ. ಮೈಕು ಕೊಡುತ್ತಿದ್ದೇನೆ. ಕೂರಿಸಿ, ಕೇಳಿ, ಗೌರವಿಸಿದ ನಿಮಗೆಲ್ಲ ನನ್ನ ಕೃತಜ್ಞತೆಗಳು. ಇವರು ಮಾತಾಡುವಾಗ ನಾನು ಮಾಯವಾಗುವುದಿಲ್ಲ, ಇಲ್ಲೇ ಪಕ್ಕದಲ್ಲಿ ನಿಂತಿರುತ್ತೇನೆ.

ನಮಸ್ಕಾರ.