ರಟ್ಟಿನ ಬಾಗಿಲ ಚಾಕಲೇಟು

ಹರಿಹರದ ಜರ್ಮನ್ ಎಂಜಿನಿಯರರ ಬಂಗಲೆಯಲ್ಲಿ ಚಾಕಲೇಟು ಕದ್ದು ತಿಂದವನು ಆ ಮನೆಯ ಮಗ. ಕೆಲಸ ಹೋದದ್ದು ಆಳು ಮೈಲಮ್ಮನದು.

ದಾವಣಗೆರೆಯಲ್ಲಿ ಹರಿಹರದ ಬಸ್ಸಿಗೆ ಸಾಲು ನಿಂತಿದ್ದ ಕಮಲಕ್ಕನಿಗೆ ಮುಂದಿದ್ದ ಮೈಲಮ್ಮನ ಮಾತೂ, ಅದೇ ಬಂಗಲೆ ಕಾಯುವ ಅವಳ ಅಣ್ಣ ಬೋರಣ್ಣನ ಮಾತೂ ಬೇಡವೆಂದರೂ ಕಿವಿಗೆ ಬೀಳುತ್ತಿದ್ದವು.

"ದೊರಸಾನಿಗೆ ಸತ್ಯ ಗೊತ್ತಾಗೈತೆ. ನಿನ್ನ ಕರ್ಕಂಬಾ ಅಂದಾರೆ."

"ಸಾಹೇಬ್ರಿಗೆ ಹೇಳಿದ್ರಾ?"

"ಅಲ್ಲೇ ಐತೆ ತೊಡಕು. ಕ್ರಿಸ್ಮಸ್ ಬರೋತನಕ ಆ ರಟ್ಟಿನ ಕ್ಯಾಲೆಂಡರ್‌ನಾಗೆ ದಿನಕ್ಕೊಂದೇ ಪುಟ್ಟ ಬಾಗಿಲು ತೆಗೆದು, ಅದರ ಹಿಂದಿರೋ ಒಂದೇ ಚಾಕಲೇಟು ತಿನ್ನಬೇಕು ಅನ್ನಾದು ಅವರ ಮನೆ ಪದ್ಧತಿ. ಹುಡುಗ ಅಷ್ಟೂ ತಿಂದಾನೆ ಅಂತ ತಿಳಿದ್ರೆ ಸಾಹೇಬ್ರು ಅವನಿಗೆ ಕ್ರಿಸ್ಮಸ್ ಉಡುಗೊರೆ ಕೊಡಲ್ವಂತೆ."

"ಅದಕ್ಕೆ?"

"ನಾನೇ ತಿಂದೆ ಅಂತ ನೀನು ಹೇಳಿಬಿಡು. ದೊರಸಾನಿ ಸಾಹೇಬ್ರಿಗೆ ಹೇಳಿ ಕೆಲಸ ವಾಪಸ್ ಕೊಡಿಸ್ತಾರೆ."

"ವರ್ಷಾ ವರ್ಷಾ ಆ ಹುಡುಗನ್ನ ಎತ್ತಿ ಹಿಡಿದು ಬಾಗಿಲು ತೆಗೆಸಿದೋಳು ನಾನು. ಒಂದು ಚೂರು ನನ್ನ ಬಾಯಿಗೆ ಬಿದ್ದಿಲ್ಲ. ಈಗ ಅವನಿಗೆ ಹಬ್ಬ ಆಗಾಕೆ ನಾನು ಕಳ್ಳಿ ಆಗ್ಬೇಕಾ?"

"ಒಂದು ಮಾತು ಕಣವ್ವ, ಬಾಯಿ ಸವೀತದಾ?"

"ಒಂದೇ ಮಾತಾದ್ರೆ ನೀನೇ ಹೇಳು. ಬೋರಣ್ಣ ತಿಂದ ಅನ್ನು."

"ಏ, ನನ್ನ ಕೆಲಸ ಹೋಗಲ್ವಾ? ನಾನೇನು ಕಳ್ಳನಾ?"

"ನೋಡ್ದ್ಯಾ!"

ಬಸ್ಸು ಬಂದು ನಿಂತಿತು. ಬೋರಣ್ಣ ಹತ್ತಿ, ಬಾಗಿಲಲ್ಲೇ ನಿಂತು ಕೈ ಚಾಚಿದ.

"ಹಟ ಬ್ಯಾಡ. ಹತ್ತು ಮೈಲಮ್ಮ, ಎಲ್ಲರೂ ಕಾಯ್ತಾರೆ."

ಮೈಲಮ್ಮ ಸೆರಗು ಸಿಕ್ಕಿಸಿಕೊಂಡು ಸಾಲಿನಿಂದ ಆಚೆ ಸರಿದಳು. ಹಿಂದೆ ತಿರುಗಿ ಕಮಲಕ್ಕನಿಗೆ ದಾರಿ ಬಿಟ್ಟಳು.

"ನೀವು ಹತ್ರಿ ಅಕ್ಕಾ. ನಾನು ಹತ್ತಲ್ಲ."